ಸವಾರನ ಹದಿನೇಳನೆಯ ತಾಸು

ಬೆಂಗಳೂರಿನಿಂದ ಪುಣೆಯ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಕರ್ನಾಟಕದ ಮಣ್ಣು ಬಿಡುವುದು ನಿಪ್ಪಾಣಿ ತಾಲೂಕಿನ ಕೊಗನೊಳ್ಳಿಯಲ್ಲಿ. ಟೋಲ್ ನಾಕಾ ದಾಟಿ ದೂಧಗಂಗಾ ನದಿಯ ಸೇತುವೆ ಹಾಯ್ದರೆ ಕಾಗಲ, ಅದರಾಚೆ ಕೊಲ್ಹಾಪುರ. ದೂರದಿಂದ ಬರುವವರಿಗೆ ಇದು ಲಾರಿ, ಬಸ್ಸುಗಳ ದೊಡ್ಡ ಹೆದ್ದಾರಿ. ಸುತ್ತಲಿನ ಊರಿನವರಿಗೆ ಮಾತ್ರ ಇದು ದಿನದ ದುಡಿಮೆಗೆ ಹೋಗಿಬರುವ ದಾರಿ, ಅವರಲ್ಲಿ ಬಹಳ ಮಂದಿ ಹೋಗುವುದು ಬೈಕಿನ ಮೇಲೆ. ಕಾಗಲ, ಗೋಕುಳ ಶಿರಗಾಂವದ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವವರು, ಬೋರಗಾಂವ, ಸದಲಗಾ ಕಡೆಯಿಂದ ಇಚಲಕರಂಜಿಯ ಮಗ್ಗಗಳಿಗೆ ಹೋಗುವವರು, ನಸುಕಿನಲ್ಲಿ ಹಾಲಿನ ಕ್ಯಾನು ಇಳಿಬಿಟ್ಟುಕೊಂಡು ಡೇರಿಗೆ ಧಾವಿಸುವವರು, ಊರೂರು ತಿರುಗಿ ಸಾಲದ ಕಂತು ವಸೂಲಿ ಮಾಡುವವರು, ಪಾರ್ಸೆಲ್ ಮುಟ್ಟಿಸುವವರು, ಹೀಗೆ ಎರಡು ಗಾಲಿಯ ಮೇಲೆ ಹೊಟ್ಟೆ ಹೊರೆಯುವವರ ಸಾಲು ಇಲ್ಲಿ ದೊಡ್ಡದು. ಮೊಬೈಲ್ ಒತ್ತಿ ಬೈಕ್ ಟ್ಯಾಕ್ಸಿ ಕರೆಯುವುದು ಇಲ್ಲಿನ ಹಳ್ಳಿಗಳಿಗೆ ಇನ್ನೂ ದೂರದ ಸಂಗತಿ. ಆದರೆ ಆ ಕೆಲಸ ಬೆಂಗಳೂರಿನಲ್ಲೋ ಪುಣೆಯಲ್ಲೋ ಮಾಡುವವನ ದೇಹಕ್ಕೂ ಇಲ್ಲಿ ಕ್ಯಾನು ಹೊರುವವನ ದೇಹಕ್ಕೂ ಬೀಳುವ ಪೆಟ್ಟು ಒಂದೇ ಬಗೆಯದು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ಬಾಡಿಗೆಗೆ ಬೈಕು ಓಡಿಸುವವನ ಸುರಕ್ಷತೆಯನ್ನು ನಾವು ಹೆಲ್ಮೆಟ್ಟಿನಲ್ಲಿ, ದಂಡದ ರಸೀದಿಯಲ್ಲಿ, ನಂಬರ್ ಪ್ಲೇಟಿನ ಬಣ್ಣದಲ್ಲಿ ಹುಡುಕುತ್ತಿದ್ದೇವೆ. ಅದರ ಬೇರು ಇರುವುದು ಅವನ ದಿನದ ಉದ್ದದಲ್ಲಿ. ನಿದ್ದೆ, ಊಟ, ನೀರು, ತಂಬಾಕು, ಕಣ್ಣು, ಕೊನೆಗೆ ತಲೆಯ ಮೇಲಿನ ಹೆಲ್ಮೆಟ್ ಕೂಡ ಆ ಉದ್ದಕ್ಕೆ ಕಟ್ಟುಬಿದ್ದಿವೆ.

ಕರ್ನಾಟಕದಲ್ಲಿ ಬೈಕ್ ಟ್ಯಾಕ್ಸಿಯ ಬಗ್ಗೆ ಕೆಲವು ವರ್ಷಗಳಿಂದ ಜೋರಾದ ಚರ್ಚೆ ನಡೆದಿದೆ. 2021ರ ಜುಲೈಯಲ್ಲಿ ಸರಕಾರ ವಿದ್ಯುತ್ ಚಾಲಿತ ಬೈಕ್ ಟ್ಯಾಕ್ಸಿಗಳಿಗೆ ಒಂದು ಯೋಜನೆ ತಂದಿತು, 2024ರ ಮಾರ್ಚಿನಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. 2025ರ ಏಪ್ರಿಲ್ 2ರಂದು ಹೈಕೋರ್ಟಿನ ಏಕಸದಸ್ಯ ಪೀಠ, ಮೋಟಾರು ವಾಹನ ಕಾಯ್ದೆಯ 93ನೆಯ ಕಲಮಿನ ಅಡಿ ಸರಕಾರ ನಿಯಮ ಮಾಡುವವರೆಗೆ ಈ ಸೇವೆ ನಡೆಯಕೂಡದು ಎಂದಿತು. ಜೂನ್ 16ರಿಂದ ಬೈಕುಗಳು ನಿಂತವು, ಸಾವಿರಾರು ಮನೆಗಳ ಗಳಿಕೆಯೂ ನಿಂತಿತು. ಜುಲೈ ಮೊದಲ ವಾರದ ಹೊತ್ತಿಗೆ ಕೇಂದ್ರ ಸರಕಾರದ ಹೊಸ ಮಾರ್ಗಸೂಚಿ ಬಂದು, ರಾಜ್ಯಗಳು ಬಯಸಿದರೆ ಖಾಸಗಿ ನೋಂದಣಿಯ ಬೈಕುಗಳಿಗೂ ಪ್ರಯಾಣಿಕರನ್ನು ಒಯ್ಯಲು ಅವಕಾಶ ಕೊಡಬಹುದು ಎಂದಿತು. ಈ ಇಡೀ ಜಗ್ಗಾಟದಲ್ಲಿ ಮುಂದೆ ಬಂದ ಪ್ರಶ್ನೆಗಳು ಪರವಾನಗಿ ಯಾರದು, ಪ್ಲೇಟು ಬಿಳಿಯೋ ಹಳದಿಯೋ, ಆಟೋದವರ ಗಿರಾಕಿ ಯಾರ ಪಾಲು ಎಂಬವು. ಅವು ಮುಖ್ಯವಲ್ಲ ಎನ್ನಲಾರೆ. ಆದರೆ ಪ್ಲೇಟಿನ ಬಣ್ಣದ ಹಿಂದೆ ಆರೋಗ್ಯದ ಸಂಗತಿಯೊಂದು ಅಡಗಿದೆ, ಅದನ್ನು ಎತ್ತಿ ಆಡಿದವರು ಕಡಿಮೆ. ಹಳದಿ ಪ್ಲೇಟಿನ ವಾಹನ ಓಡಿಸಲು ಲೈಸನ್ಸ್ ಕೇಳುವವನು ವೈದ್ಯರ ಪ್ರಮಾಣಪತ್ರ ಕೊಡಬೇಕು. ನಲವತ್ತು ವಯಸ್ಸಿನೊಳಗಿನವನು ಸ್ವಂತಕ್ಕೆ ಬೈಕು ಓಡಿಸುವ ಲೈಸನ್ಸ್ ಪಡೆಯಲು ತನ್ನ ಕಣ್ಣು, ಕಿವಿ, ಮೈ ಸರಿಯಾಗಿವೆ ಎಂದು ತಾನೇ ಬರೆದು ಸಹಿ ಹಾಕಿದರೆ ಸಾಕು. ಅದೇ ಲೈಸನ್ಸಿನ ಮೇಲೆ ಅವನು ಬೇರೆಯವರ ಮಕ್ಕಳನ್ನು, ಹೆಂಡತಿಯನ್ನು, ತಾಯಿಯನ್ನು ಹಿಂದೆ ಕೂರಿಸಿಕೊಂಡು ದಿನಕ್ಕೆ ಹತ್ತಾರು ಸಲ ಓಡಾಡತೊಡಗಿದಾಗ ಅವನ ಕಣ್ಣನ್ನು ಪರೀಕ್ಷಿಸಿದವರು ಯಾರೂ ಇರುವುದಿಲ್ಲ.

ಈಗ ನಿದ್ದೆಯ ಮಾತಿಗೆ ಬರೋಣ. ಆಸ್ಟ್ರೇಲಿಯದ ಇಬ್ಬರು ಸಂಶೋಧಕರು, ಡಾಸನ್ ಮತ್ತು ರೀಡ್, 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಒಂದೇ ಗುಂಪಿನವರನ್ನು ಒಮ್ಮೆ ನಿದ್ದೆಯಿಲ್ಲದೆ ಕೂರಿಸಿ, ಇನ್ನೊಮ್ಮೆ ಅಳೆದು ಮದ್ಯ ಕುಡಿಸಿ, ಕಣ್ಣು ಕೈಗಳ ಹೊಂದಾಣಿಕೆಯನ್ನು ಪರೀಕ್ಷಿಸಿದರು. ಹದಿನೇಳು ತಾಸು ಸತತವಾಗಿ ಎಚ್ಚರವಿದ್ದವನ ಕೈ, ರಕ್ತದ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯವಿರುವವನ ಕೈಯಷ್ಟೇ ತಡವರಿಸುತ್ತಿತ್ತು. ನಮ್ಮ ದೇಶದ ಕಾಯ್ದೆ ವಾಹನ ಓಡಿಸುವವನಿಗೆ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಈ ಎರಡು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿ. ನಸುಕಿನ ಐದಕ್ಕೆ ಎದ್ದು ಹಾಲು ಹಾಕಿ, ಹಗಲೆಲ್ಲ ಕೆಲಸ ಮಾಡಿ, ರಾತ್ರಿ ಹತ್ತಕ್ಕೆ ಇನ್ನೊಂದು ಬಾಡಿಗೆಗೆ ಗಾಡಿ ಹತ್ತುವವನು ಒಂದು ಹನಿ ಕುಡಿಯದಿದ್ದರೂ, ಕಾನೂನು ಹಿಡಿದು ನಿಲ್ಲಿಸುವ ಕುಡುಕನಷ್ಟೇ ಅಪಾಯದ ಸ್ಥಿತಿಯಲ್ಲಿದ್ದಾನೆ. ಪೊಲೀಸರ ಕೈಯಲ್ಲಿ ಉಸಿರು ಪರೀಕ್ಷಿಸುವ ಯಂತ್ರವಿದೆ, ನಿದ್ದೆಗೇಡನ್ನು ಅಳೆಯುವ ಯಂತ್ರ ನಾಕಾದಲ್ಲಿ ಇಲ್ಲ. ತಾಸಿಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣೆವೆ ಭಾರವಾಗಿ ಮೂರು ಸೆಕೆಂಡು ಮನಸ್ಸು ಜಾರಿದರೆ ಐವತ್ತು ಮೀಟರ್ ದಾರಿ ಯಾರೂ ನೋಡದೆಯೇ ಕಳೆದುಹೋಗುತ್ತದೆ. ಕಾರಿನಲ್ಲಿ ತೂಕಡಿಸಿದವನ ಗಾಡಿ ಕೆಲವು ಕ್ಷಣವಾದರೂ ನಾಲ್ಕು ಗಾಲಿಯ ಮೇಲೆ ನಿಂತಿರುತ್ತದೆ. ಬೈಕಿನಲ್ಲಿ ಸವಾರನ ಸೊಂಟ, ಮೊಣಕಾಲು, ಭುಜ ಗಾಡಿಯ ತೂಕವನ್ನು ಕ್ಷಣಕ್ಷಣಕ್ಕೂ ಸರಿದೂಗಿಸುತ್ತಿರಬೇಕು, ಅವನ ಮೈಯೇ ಗಾಡಿಯ ಒಂದು ಭಾಗ. ಆ ಮೈ ದಣಿದರೆ ಬ್ರೇಕ್ ಸವೆದಷ್ಟೇ ಕೇಡು. ಬ್ರೇಕ್ ಸವೆದ ಗಾಡಿಯನ್ನು ಓಡಿಸಬೇಡ ಎನ್ನುವ ನಾವು ದಣಿದ ಮೈಯನ್ನು ಓಡಿಸಬೇಡ ಎಂದು ಹೇಳುವುದಿಲ್ಲ. ಇನ್ನೂ ಒಂದು ಮಾತು: ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಮತ್ತು ಮಧ್ಯಾಹ್ನ ಊಟದ ನಂತರದ ಎರಡು ತಾಸು, ಈ ಎರಡು ಹೊತ್ತಿನಲ್ಲಿ ಮನುಷ್ಯನ ಮೈ ತಾನಾಗಿ ನಿದ್ದೆಗೆ ಜಗ್ಗುತ್ತದೆ. ಹಾಲಿನವನೂ ರಾತ್ರಿ ಪಾಳಿ ಮುಗಿಸಿ ಬರುವವನೂ ದಾರಿಯಲ್ಲಿರುವುದು ಅದೇ ಮೊದಲನೆಯ ಹೊತ್ತಿನಲ್ಲಿ.

ದಣಿದವನು ಏನು ಮಾಡುತ್ತಾನೆ? ಚಹಾ ಕುಡಿಯುತ್ತಾನೆ, ಆಮೇಲೆ ಪಾನಪಟ್ಟಿ ಅಂಗಡಿಗೆ ಹೋಗುತ್ತಾನೆ. ನಿಪ್ಪಾಣಿ ಸೀಮೆಯಲ್ಲಿ ತಂಬಾಕಿನ ಮಾತನ್ನು ಎಚ್ಚರದಿಂದ ಆಡಬೇಕು, ಏಕೆಂದರೆ ತಲೆಮಾರುಗಳಿಂದ ಇಲ್ಲಿನ ಹೊಲ, ವಖಾರಿ, ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೂಲಿ ಎಲ್ಲವೂ ಆ ಎಲೆಯ ಮೇಲೆ ನಿಂತಿವೆ. 1981ರಲ್ಲಿ ತಕ್ಕ ಬೆಲೆ ಕೇಳಿ ರೈತರು ಇದೇ ಹೆದ್ದಾರಿಯ ಮೇಲೆ ಕೂತರು, ಗೋಲಿಬಾರಿನಲ್ಲಿ ಜೀವ ಕಳೆದುಕೊಂಡರು. ಹಾಗಾಗಿ ತಂಬಾಕು ಬಿಡಿ ಎಂದು ಇಲ್ಲಿ ಹೇಳಿದರೆ, ನಮ್ಮ ಹೊಟ್ಟೆಯ ಮೇಲೆ ಹೊಡೆಯಲು ಬಂದಿರಾ ಎಂಬ ಮಾತು ಬರುವುದು ಸಹಜ. ಅದಕ್ಕೆ ಉತ್ತರ ನೇರವಾಗಿದೆ. ಬೆಳೆದವನಿಗೆ ತಕ್ಕ ಬೆಲೆ, ಬೀಡಿ ಕಟ್ಟುವವಳಿಗೆ ತಕ್ಕ ಕೂಲಿ ಕೇಳುವುದು ಒಂದು ನ್ಯಾಯ. ಅದನ್ನು ಒಪ್ಪಿಕೊಂಡೇ, ಗಾಡಿ ಓಡಿಸುವವನ ಬಾಯಿಯಲ್ಲಿ ಆ ಎಲೆ ಏನು ಮಾಡುತ್ತದೆ ಎಂದು ಕೇಳಬಹುದು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಅವರಲ್ಲಿ ಹೆಚ್ಚಿನವರು ಅಗಿಯುವವರು. ಗಡಿಯ ಈ ಭಾಗದಲ್ಲಿ ಅಡಿಕೆ, ಸುಣ್ಣ, ತಂಬಾಕು ಸೇರಿಸಿ ತಿಕ್ಕಿದ ಮಾವಾ ಸವಾರರ ಜೇಬಿನ ನಿತ್ಯದ ಸಂಗಾತಿ. ಅದು ನಿದ್ದೆ ಹಾರಿಸುತ್ತದೆ ಎಂದು ಅವರು ಹೇಳುವುದು ಸುಳ್ಳಲ್ಲ. ನಿಕೋಟಿನ್ ಸ್ವಲ್ಪ ಹೊತ್ತು ಎಚ್ಚರಿಸುತ್ತದೆ. ಎರಡು ತಾಸಿನಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿದು ಮತ್ತೆ ಬೇಕೆನಿಸುತ್ತದೆ, ಸಿಗದಿದ್ದರೆ ಸಿಡುಕು, ಚಡಪಡಿಕೆ. ನಿದ್ದೆಯ ಸಾಲ ಮಾತ್ರ ತೀರುವುದಿಲ್ಲ, ರಾತ್ರಿ ಮಲಗಿದಾಗ ಬರಬೇಕಾದ ನಿದ್ದೆಯನ್ನೂ ಅದೇ ನಿಕೋಟಿನ್ ತುಂಡರಿಸುತ್ತದೆ. ಮರುದಿನ ಮತ್ತಷ್ಟು ಮಾವಾ ಬೇಕಾಗುತ್ತದೆ. ಬಾಯಿಯ ಕ್ಯಾನ್ಸರಿನ ಭಯ ಹೇಳಿದರೆ ಇಪ್ಪತ್ತೈದರ ಹುಡುಗ ಕಿವಿಗೊಡಲಾರ, ಅದು ಅವನಿಗೆ ಇಪ್ಪತ್ತು ವರ್ಷ ದೂರದ ಮಾತು. ಆದರೆ ಇವತ್ತು ಸಂಜೆಗೇ ಸಂಬಂಧಪಟ್ಟದ್ದೊಂದಿದೆ. ಬಾಯಿ ತುಂಬ ಮಾವಾ ಇರುವವನು ಐದೈದು ನಿಮಿಷಕ್ಕೆ ಉಗುಳಬೇಕು. ಮುಖ ಮುಚ್ಚುವ ಹೆಲ್ಮೆಟ್ ಹಾಕಿದರೆ ಉಗುಳಲಾಗುವುದಿಲ್ಲ. ಆದ್ದರಿಂದ ಅವನು ನೆತ್ತಿ ಮಾತ್ರ ಮುಚ್ಚುವ ಅರ್ಧ ಟೋಪಿ ಹಾಕುತ್ತಾನೆ, ಇಲ್ಲವೇ ಹೆಲ್ಮೆಟ್ಟನ್ನು ಕನ್ನಡಿಗೆ ತೂಗುಹಾಕುತ್ತಾನೆ. ಉಗುಳುವಾಗ ತಲೆ ಬಲಕ್ಕೆ ಹೊರಳುತ್ತದೆ, ಕಣ್ಣು ದಾರಿ ಬಿಡುತ್ತದೆ, ಮೈಯ ಜೊತೆ ಹ್ಯಾಂಡಲ್ ಬಾಗುತ್ತದೆ. ಪಾನಪಟ್ಟಿ ಅಂಗಡಿಗೂ ತಲೆಯ ಗಾಯಕ್ಕೂ ಇರುವ ಈ ಹತ್ತಿರದ ನಂಟನ್ನು ಆರೋಗ್ಯ ಇಲಾಖೆಯ ಗೋಡೆ ಬರಹ ಹೇಳುವುದಿಲ್ಲ, ಸಾರಿಗೆ ಇಲಾಖೆಯದೂ ಹೇಳುವುದಿಲ್ಲ. ಎರಡೂ ಇಲಾಖೆಗಳು ಒಬ್ಬನೇ ಮನುಷ್ಯನೊಂದಿಗೆ ಮಾತಾಡುತ್ತಿವೆ ಎಂಬುದು ಅವುಗಳ ಗಮನಕ್ಕೆ ಬಂದಂತಿಲ್ಲ.

ನೀರಿನ ಮಾತು ಚಿಕ್ಕದಾಗಿ ಕಾಣುತ್ತದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಸಾಕಷ್ಟು ನೀರು ಕುಡಿದ ದಿನಕ್ಕಿಂತ ಕಡಿಮೆ ಕುಡಿದ ದಿನ ಚಾಲಕರು ಎರಡು ಪಟ್ಟಿಗಿಂತ ಹೆಚ್ಚು ತಪ್ಪು ಮಾಡಿದರು. ಬೆರಳೆಣಿಕೆಯ ಜನರ ಮೇಲೆ, ಅದೂ ಕಾರಿನ ಅಣಕು ಯಂತ್ರದಲ್ಲಿ ನಡೆದ ಸಣ್ಣ ಪ್ರಯೋಗ ಅದು, ಅದರ ಮೇಲೆ ಬಹಳ ಭಾರ ಹೊರಿಸಲಾಗದು. ಆದರೂ ಅದು ತೋರಿಸುವ ದಿಕ್ಕು ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಚೆನ್ನಾಗಿ ಒಪ್ಪುತ್ತದೆ. ದಿನವಿಡೀ ಗಾಡಿ ಓಡಿಸುವವರು ನೀರು ಕಡಿಮೆ ಕುಡಿಯುವುದಕ್ಕೆ ಕಾರಣ ಅಜ್ಞಾನವಲ್ಲ. ಕುಡಿದರೆ ಮೂತ್ರಕ್ಕೆ ನಿಲ್ಲಿಸಬೇಕು, ನಿಲ್ಲಿಸಿದರೆ ಒಂದು ಬಾಡಿಗೆ ತಪ್ಪುತ್ತದೆ, ನಿಲ್ಲಿಸಿದರೂ ಶೌಚಾಲಯ ಎಲ್ಲಿದೆ? ಊಟದ್ದೂ ಇದೇ ಕತೆ. ಮಧ್ಯಾಹ್ನ ಕೈಗೆ ಸಿಗುವುದು ಭಜಿ, ಚುರಮುರಿ, ವಡಾಪಾವ್. ಹೊಟ್ಟೆ ಭಾರವಾಗುತ್ತದೆ, ಜಂಪು ಹತ್ತುತ್ತದೆ. ಮನೆಯ ರೊಟ್ಟಿ ಪಲ್ಯ ಕಟ್ಟಿಕೊಂಡು ಬಂದವನೂ ಅದನ್ನು ಕೂತು ಉಣ್ಣಲು ನೆರಳು ಹುಡುಕಬೇಕು.

ಹೆಲ್ಮೆಟ್ಟಿನ ವಿಷಯದಲ್ಲಿ ಸಾಕ್ಷ್ಯ ಅನುಮಾನಕ್ಕೆ ಎಡೆಯಿಲ್ಲದಷ್ಟು ಗಟ್ಟಿಯಾಗಿದೆ. ಜಗತ್ತಿನ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ ಪರಾಮರ್ಶೆಯ ಪ್ರಕಾರ ಅಪಘಾತಕ್ಕೀಡಾದ ಬೈಕ್ ಸವಾರನ ಸಾವಿನ ಸಂಭವವನ್ನು ಹೆಲ್ಮೆಟ್ ಶೇಕಡಾ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವವನ್ನು ಶೇಕಡಾ 69ರಷ್ಟು ಇಳಿಸುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಹೆಲ್ಮೆಟ್ ಹಾಕದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಈ ಕೊನೆಯ ಅಂಕಿ ಬಾಡಿಗೆ ಬೈಕಿಗೆ ನೇರವಾಗಿ ತಟ್ಟುತ್ತದೆ, ಏಕೆಂದರೆ ಹಿಂದೆ ಕೂತವನ ತಲೆಗೂ ಅಲ್ಲಿ ಓಡಿಸುವವನೇ ಹೊಣೆ. ವಿಯೆಟ್ನಾಂ ದೇಶ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲೂ ಸವಾರ ಮತ್ತು ಹಿಂದೆ ಕೂತವರಿಬ್ಬರಿಗೂ ಹೆಲ್ಮೆಟ್ ಕಡ್ಡಾಯ ಮಾಡಿ ಬಿಗಿಯಾಗಿ ಜಾರಿಗೆ ತಂದಾಗ, ಗಮನಿಸಿದ ಆಸ್ಪತ್ರೆಗಳಲ್ಲಿ ಮೊದಲ ಮೂರು ತಿಂಗಳಲ್ಲೇ ರಸ್ತೆ ಅಪಘಾತದ ಗಾಯಾಳುಗಳಲ್ಲಿ ತಲೆಯ ಪೆಟ್ಟಿನ ಸಂಭವ ಶೇಕಡಾ 16ರಷ್ಟು, ಸಾವಿನ ಸಂಭವ ಶೇಕಡಾ 18ರಷ್ಟು ಇಳಿಯಿತು. ರುವಾಂಡಾದ ಕಿಗಾಲಿ ನಗರದಲ್ಲಿ ಬೈಕ್ ಟ್ಯಾಕ್ಸಿಯವನು ಇನ್ನೊಂದು ಹೆಲ್ಮೆಟ್ ಇಟ್ಟುಕೊಂಡೇ ಗಿರಾಕಿಯನ್ನು ಹತ್ತಿಸಿಕೊಳ್ಳುತ್ತಾನೆ. ನಮ್ಮಲ್ಲಿ 2016ರ ಜನವರಿಯಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ನಾಕಾದ ಹತ್ತಿರ ಬಂದಾಗ ಅದು ತಲೆಗೇರಿ, ದಾಟಿದ ಮೇಲೆ ಮೊಣಕೈಗೆ ಇಳಿಯುವುದನ್ನು ನೋಡದವರಿಲ್ಲ. ಕಿವಿ ಕೇಳುವುದಿಲ್ಲ, ಪಕ್ಕ ಕಾಣುವುದಿಲ್ಲ ಎಂಬ ಆಕ್ಷೇಪವನ್ನು 1990ರ ದಶಕದಲ್ಲಿ ಅಮೆರಿಕದಲ್ಲಿ ಸವಾರರನ್ನೇ ರಸ್ತೆಗಿಳಿಸಿ ಪರೀಕ್ಷಿಸಿದ್ದಾರೆ. ಹಾರ್ನ್ ಕೇಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಪಕ್ಕ ನೋಡಲು ಕತ್ತು ಸ್ವಲ್ಪ ಹೆಚ್ಚು ಹೊರಳಿಸಬೇಕಾಯಿತು ಅಷ್ಟೆ. ಸೆಕೆಯ ಆಕ್ಷೇಪ ನಿಜವಾದದ್ದು. ಇನ್ನೊಬ್ಬರ ಬೆವರಿನ ಹೆಲ್ಮೆಟ್ಟಿಗೆ ತಲೆಯೊಡ್ಡಲು ಹೆಣ್ಣುಮಕ್ಕಳು ಹಿಂಜರಿಯುವುದೂ ನಿಜ. ತಲೆಗೆ ಒಂದು ತೆಳು ಅರಿವೆ ಕಟ್ಟಿಕೊಂಡು ಹಾಕುವುದು, ಒಳಗಿನ ಮೆತ್ತೆಯನ್ನು ವಾರಕ್ಕೊಮ್ಮೆ ತೊಳೆದು ಬಿಸಿಲಿಗಿಡುವುದು, ಇದು ಯಾರಿಗೂ ಆಗದ ಕೆಲಸವಲ್ಲ. ಹಾಗೆಯೇ ಸೆರಗು, ದುಪಟ್ಟಾ ಹಿಂಗಾಲಿಗೆ ಸಿಕ್ಕಿ ಬೀಳುವ ಅನಾಹುತ. ಹಿಂಗಾಲಿಯ ಅರ್ಧದಷ್ಟನ್ನು ಮುಚ್ಚುವ ಜಾಲರಿ, ಹಿಡಿಕೆ, ಕಾಲಿಡುವ ಮೆಟ್ಟು ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅಂದಕ್ಕೆಂದು ಜಾಲರಿ ಕಿತ್ತೆಸೆದ ಬೈಕಿನ ಮೇಲೆ ಬಾಡಿಗೆಗೆ ಯಾರನ್ನೂ ಕೂರಿಸಬಾರದು. ಈ ಮಾತಿನಲ್ಲಿ ನಾನು ರಿಯಾಯಿತಿ ಕೊಡಲಾರೆ.

ಇಲ್ಲಿ ಕೇಳುಗರಲ್ಲಿ ಕೆಲವರು ಸಿಟ್ಟಾಗಬಹುದು. ರಸ್ತೆಯ ತಪ್ಪು, ದೊಡ್ಡ ಗಾಡಿಯವರ ತಪ್ಪು ಬಿಟ್ಟು ಬಡ ಸವಾರನ ನಿದ್ದೆ, ಊಟದ ಲೆಕ್ಕ ಹಿಡಿಯುತ್ತೀರಲ್ಲ ಎನ್ನಬಹುದು. ಈ ಆಕ್ಷೇಪದಲ್ಲಿ ಬಹಳ ಸತ್ಯವಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕುಗಳು ಕಬ್ಬಿನ ನಾಡು. ದೀಪಾವಳಿಯ ಆಜೂಬಾಜು ಕಾರ್ಖಾನೆಗಳು ನುರಿಸಲು ಶುರುಮಾಡಿದರೆ ಮಾರ್ಚಿನವರೆಗೆ ಹಗಲು ರಾತ್ರಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತ ಸಾಗುತ್ತವೆ. ಕಬ್ಬಿನ ತುದಿ ಎರಡೂ ಬದಿಗೆ ಚಾಚಿರುತ್ತದೆ, ಹಿಂದಿನ ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಪಟ್ಟಿ ಇದ್ದರೂ ಕೆಸರಿನಿಂದ ಮುಚ್ಚಿರುತ್ತದೆ. ಕೆಟ್ಟು ನಿಂತ ಟ್ರೇಲರ್ ರಾತ್ರಿಯಿಡೀ ದಾರಿಯ ಮಗ್ಗುಲಿಗೆ ಕತ್ತಲಲ್ಲಿ ನಿಲ್ಲುತ್ತದೆ. ಇದು ಕಾರ್ಖಾನೆಗಳ, ಸಾರಿಗೆ ಅಧಿಕಾರಿಗಳ, ಟ್ರ್ಯಾಕ್ಟರ್ ಮಾಲೀಕರ ಹೊಣೆ. ತೂಕದ ಕಾಟಾದಲ್ಲಿಯೇ ಹಿಂದೀಪ ಮತ್ತು ಪಟ್ಟಿ ನೋಡಿ ಗಾಡಿ ಒಳಗೆ ಬಿಡುವ ನಿಯಮ ಮಾಡಿದರೆ ಒಂದೇ ಹಂಗಾಮಿನಲ್ಲಿ ಎದ್ದುಕಾಣುವ ಬದಲಾವಣೆ ಬರಬಲ್ಲದು. ಆದರೆ ಈ ಆಕ್ಷೇಪವನ್ನೇ ಇನ್ನೊಂದು ಕಡೆಯಿಂದ ನೋಡಿ. ದೀಪವಿಲ್ಲದ ಟ್ರೇಲರ್ ಬೈಕಿನ ಬೆಳಕಿಗೆ ಬೀಳುವುದು ಕೆಲವೇ ಮೀಟರುಗಳ ದೂರದಲ್ಲಿ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದ ಮರುಕ್ಷಣ ಅದನ್ನು ಗುರುತಿಸಿ ಬ್ರೇಕ್ ಒತ್ತಬೇಕು. ಹೊತ್ತಿಗೆ ಮಲಗಿ ಎದ್ದವನು, ಕಣ್ಣಿನ ದೋಷಕ್ಕೆ ತಕ್ಕ ಚಷ್ಮಾ ಹಾಕಿದವನು ಆ ಒಂದು ಸೆಕೆಂಡನ್ನು ಉಳಿಸಿಕೊಳ್ಳುತ್ತಾನೆ. ಹದಿನೇಳನೆಯ ತಾಸಿನಲ್ಲಿರುವವನ ಕೈಯಲ್ಲಿ ಆ ಸೆಕೆಂಡು ಇರುವುದಿಲ್ಲ. ರಸ್ತೆ ಕೆಟ್ಟಷ್ಟೂ ಸವಾರನ ಮೈ ಹೆಚ್ಚು ಚುರುಕಾಗಿರಬೇಕಾಗುತ್ತದೆ. ಕೆಟ್ಟ ರಸ್ತೆ ಮತ್ತು ದಣಿದ ಮೈ ಒಂದರ ಕೇಡನ್ನು ಇನ್ನೊಂದು ಹೆಚ್ಚಿಸುತ್ತವೆ, ಹಾಗಾಗಿ ಒಂದನ್ನು ತೋರಿಸಿ ಇನ್ನೊಂದನ್ನು ಮರೆಯುವುದು ಸರಿಯಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ, ನಾನು ಅದಕ್ಕೆ ಹೆಚ್ಚು ಹೊತ್ತು ಕೊಡಬಯಸುತ್ತೇನೆ. ಮಲಗು, ಹೊತ್ತಿಗೆ ಉಣ್ಣು, ನೀರು ಕುಡಿ ಎಂದು ಹೇಳುವುದು ಸುಲಭ, ಬೈಕಿನ ಕಂತು ಯಾರು ಕಟ್ಟುತ್ತಾರೆ? ಒಂದೊಂದು ಸವಾರಿಗೆ ಇಷ್ಟು, ದಿನಕ್ಕೆ ಇಂತಿಷ್ಟು ಸವಾರಿ ಮುಗಿಸಿದರೆ ಮೇಲೆ ಇನಾಮು ಎಂಬ ಲೆಕ್ಕದಲ್ಲಿ ದುಡಿಯುವವನಿಗೆ ವಿಶ್ರಾಂತಿಯ ಪ್ರತಿ ತಾಸೂ ಜೇಬಿಗೆ ಕತ್ತರಿ. ಇದು ಸರಿಯಾದ ಪ್ರಶ್ನೆ, ಮತ್ತು ನನ್ನ ವಾದ ನಿಂತಿರುವುದೇ ಇದರ ಮೇಲೆ. ಅವನ ಅಭ್ಯಾಸಗಳನ್ನು ಅವನ ಸ್ವಭಾವದ ಕೊರತೆ ಎಂದು ನೋಡುವವರೆಗೆ ನಮಗೆ ಉಪದೇಶ ಮಾಡುವುದೊಂದೇ ದಾರಿ. ಅವು ಉದ್ದ ದಿನದ ಪರಿಣಾಮ ಎಂದು ನೋಡಿದರೆ ದಿನವನ್ನು ಮೊಟಕುಮಾಡುವ ಹೊಣೆ ಯಾರದು ಎಂದು ಕೇಳಬಹುದು. ಬಸ್ಸು, ಲಾರಿ ಚಾಲಕರ ವಿಷಯದಲ್ಲಿ ಈ ಪ್ರಶ್ನೆಗೆ ನಮ್ಮ ದೇಶ ಉತ್ತರ ಕೊಟ್ಟು ಆರು ದಶಕಗಳಾದವು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸು ಎಂದು ದುಡಿಮೆಗೆ ಎಲ್ಲೆ ಹಾಕಿತ್ತು. ಅದರ ಹಿಂದಿದ್ದ ತಿಳಿವಳಿಕೆ ಸರಳ: ಚಾಲಕನ ದಣಿವು ಅವನೊಬ್ಬನ ಖಾಸಗಿ ಸಂಗತಿಯಲ್ಲ, ಅವನ ಹಿಂದೆ ಕೂತವರ ಜೀವದ ಸಂಗತಿ. ಬಾಡಿಗೆ ಬೈಕಿನವನನ್ನು ಕಂಪನಿಗಳು ನೌಕರ ಎಂದು ಕರೆಯುವುದಿಲ್ಲ, ಪಾಲುದಾರ ಎನ್ನುತ್ತವೆ; ಆ ಹೆಸರಿನಿಂದ ಅವನು ಎಂಟು ತಾಸಿನ ಎಲ್ಲೆಯ ಹೊರಗೆ ಉಳಿದ. ಕೇಂದ್ರದ 2020ರ ಮಾರ್ಗಸೂಚಿ ಒಬ್ಬ ಚಾಲಕ ಒಂದು ದಿನದಲ್ಲಿ ಹನ್ನೆರಡು ತಾಸಿಗಿಂತ ಹೆಚ್ಚು ಆ್ಯಪಿನಲ್ಲಿ ಇರಕೂಡದು, ಆಮೇಲೆ ಹತ್ತು ತಾಸು ಬಿಡುವು ಬೇಕು ಎಂದಿತ್ತು. ಒಳ್ಳೆಯ ಮಾತು. ಆದರೆ ಎರಡು ಮೂರು ಕಂಪನಿಗಳಿಗೆ ಒಟ್ಟಿಗೆ ದುಡಿಯುವವನ ತಾಸುಗಳನ್ನು ಕೂಡಿಸಿ ನೋಡುವ ವ್ಯವಸ್ಥೆ ಇಲ್ಲದೆ ಅದು ಕಾಗದದಲ್ಲೇ ಉಳಿಯುತ್ತದೆ. ಎಲ್ಲ ಸವಾರಿಗಳ ಹೊತ್ತೂ ದೂರವೂ ಕಂಪನಿಗಳ ಕಂಪ್ಯೂಟರಿನಲ್ಲಿ ದಾಖಲಾಗುತ್ತಿರುವಾಗ ಈ ಕೂಡಿಕೆ ಅಸಾಧ್ಯವೆಂದು ಯಾರೂ ಹೇಳಲಾರರು. ಕರ್ನಾಟಕ 2025ರಲ್ಲಿ ಇಂಥ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕಾಯ್ದೆ ಮಾಡಿದೆ, ಪ್ರತಿ ವ್ಯವಹಾರದ ಮೇಲೆ ಕಲ್ಯಾಣ ಶುಲ್ಕ ಪಡೆಯುವ ಅಧಿಕಾರ ಅದರಲ್ಲಿದೆ. ಆ ಶುಲ್ಕ ಗಾಯವಾದ ಮೇಲೆ ಪರಿಹಾರಕ್ಕೆ ಮಾತ್ರ ಹೋಗುವುದಾದರೆ ಅರ್ಧ ಕೆಲಸವಾದಂತೆ. ವರ್ಷಕ್ಕೊಮ್ಮೆ ಕಣ್ಣು, ರಕ್ತದೊತ್ತಡ, ಸಕ್ಕರೆಯ ತಪಾಸಣೆ, ತಂಬಾಕು ಬಿಡಲು ನೆರವು, ಅದಕ್ಕೂ ಮುಖ್ಯವಾಗಿ ತಪಾಸಣೆಯ ದಿನದ ಗಳಿಕೆ, ಇವಕ್ಕೆ ಅದರಿಂದ ಹಣ ಬರಬೇಕು. ಇನಾಮಿನ ಲೆಕ್ಕವನ್ನೂ ತಿರುವಿಹಾಕಬಹುದು. ಹದಿನೈದನೆಯ ಸವಾರಿಗೆ ಹೆಚ್ಚಿನ ಹಣ ಕೊಡುವ ಕಂಪನಿ ಮೊದಲ ಹತ್ತು ಸವಾರಿಗಳಿಗೇ ತಕ್ಕ ದರ ಕೊಟ್ಟರೆ ಹದಿನೈದನೆಯದರ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಗಡಿಯ ಊರುಗಳಿಗೆ ಬೈಕ್ ಬಾಡಿಗೆ ಹೇಗೆ ಬರುತ್ತದೆ ಎಂಬುದಕ್ಕೆ ಆಫ್ರಿಕದ ಒಂದು ಉದಾಹರಣೆ ಇದೆ. ಕೆನ್ಯಾ ಮತ್ತು ಉಗಾಂಡ ದೇಶಗಳ ನಡುವಿನ ಬುಸಿಯಾ ಗಡಿಯಲ್ಲಿ, ಒಂದು ಚೌಕಿಯಿಂದ ಇನ್ನೊಂದಕ್ಕೆ ಜನರನ್ನು ಮುಟ್ಟಿಸಲು 1960ರ ದಶಕದಲ್ಲಿ ಸೈಕಲ್ಲಿನವರು ಶುರುಮಾಡಿದ ಬಾಡಿಗೆ, ಇವತ್ತು ಕಂಪಾಲದಂಥ ರಾಜಧಾನಿಯನ್ನೇ ತುಂಬಿರುವ ಬೈಕ್ ಟ್ಯಾಕ್ಸಿಯಾಗಿ ಬೆಳೆದಿದೆ. ಯಾವ ಸರಕಾರವೂ ಯೋಜನೆ ಮಾಡಿ ಅದನ್ನು ತಂದದ್ದಲ್ಲ. ಬಸ್ಸಿಲ್ಲದ ಕಡೆ, ಕೆಲಸವಿಲ್ಲದ ಹುಡುಗರಿದ್ದ ಕಡೆ ಅದು ಬೆಳೆಯಿತು. ಕಾನೂನು ಹಿಂದಿನಿಂದ ಬಂದಾಗ ಆಸ್ಪತ್ರೆಯ ಎಲುಬಿನ ವಿಭಾಗಗಳು ಆಗಲೇ ತುಂಬಿದ್ದವು. ಹೆದ್ದಾರಿಯಲ್ಲಿ ಇಳಿದು ಒಳಗಿನ ಹಳ್ಳಿಗೆ ಹೋಗಲು ಸಂಜೆಯ ಮೇಲೆ ಬಸ್ಸು ಕಾಯಬೇಕಾದ ನಮ್ಮ ಸೀಮೆಯಲ್ಲೂ ಇದು ಬೆಳೆಯದೆ ಇರುವುದಿಲ್ಲ. ಮಹಾರಾಷ್ಟ್ರ 2025ರಲ್ಲಿ ಲಕ್ಷಕ್ಕೂ ಮೀರಿದ ಜನವಸತಿಯ ಊರುಗಳಲ್ಲಿ ವಿದ್ಯುತ್ ಬೈಕ್ ಟ್ಯಾಕ್ಸಿಗೆ ಒಪ್ಪಿಗೆ ಕೊಟ್ಟಿದೆ, ಕೊಲ್ಹಾಪುರ, ಇಚಲಕರಂಜಿ ಆ ಗಾತ್ರದ ಊರುಗಳೇ. ಸೇತುವೆಯಾಚೆ ಒಂದು ನಿಯಮ, ಈಚೆ ಇನ್ನೊಂದು ಎಂಬ ಸ್ಥಿತಿಯಲ್ಲಿ ನಷ್ಟ ಅನುಭವಿಸುವವನು ಸವಾರ. ವಿಮೆಯ ವಿಷಯದಲ್ಲಂತೂ ಅವನಿಗೆ ಇದು ಗೊತ್ತಿರಲೇಬೇಕು: ಸ್ವಂತ ಬಳಕೆಗೆಂದು ಮಾಡಿಸಿದ ಪಾಲಿಸಿಯ ಬೈಕನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ, ಷರತ್ತು ಮುರಿದಿದ್ದಾನೆ ಎಂದು ವಿಮಾ ಕಂಪನಿ ತಕರಾರು ಎತ್ತಬಹುದು. ಗಾಯಗೊಂಡ ಗಿರಾಕಿಯ ಪರಿಹಾರವನ್ನು ಸವಾರನ ಮನೆಯಿಂದಲೇ ವಸೂಲಿ ಮಾಡುವ ಹಂತಕ್ಕೂ ಅದು ಹೋಗಬಹುದು.

ಕೊಗನೊಳ್ಳಿಯ ಹತ್ತಿರ ಬಿದ್ದು ಪೆಟ್ಟಾದವನಿಗೆ ಬೆಳಗಾವಿಗಿಂತ ಕೊಲ್ಹಾಪುರವೇ ಬಹಳ ಸಮೀಪ. ತಲೆಗೆ ಪೆಟ್ಟು ಬಿದ್ದವನ ವಿಷಯದಲ್ಲಿ ರಾಜ್ಯ ಯಾವುದು, ಜಿಲ್ಲೆ ಯಾವುದು ಎಂದು ಯೋಚಿಸುತ್ತ ನಿಲ್ಲಬಾರದು. 2025ರ ಮೇ 5ರಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯ ಪ್ರಕಾರ ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡ ಯಾರಿಗೇ ಆಗಲಿ, ದೇಶದ ಯಾವುದೇ ರಸ್ತೆಯಲ್ಲಾಗಲಿ, ಗೊತ್ತು ಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ಹಣ ಕಟ್ಟದೆ ಚಿಕಿತ್ಸೆ ಸಿಗಬೇಕು. ಸಹಾಯಕ್ಕೆ ಬಂದವರನ್ನು ಪೊಲೀಸರು ಸತಾಯಿಸಕೂಡದು ಎಂದು ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಕೊಟ್ಟಿದೆ. ಹೆದ್ದಾರಿಯ ಸಹಾಯವಾಣಿ 1033, ಆಂಬುಲೆನ್ಸಿಗೆ ಎರಡೂ ರಾಜ್ಯಗಳಲ್ಲಿ 108. ಈ ಎರಡು ನಂಬರುಗಳನ್ನು ಹೆಲ್ಮೆಟ್ಟಿನ ಹಿಂದೆ ಬರೆಸಿಕೊಳ್ಳುವುದು, ಜೊತೆಗೆ ರಕ್ತದ ಗುಂಪು ಮತ್ತು ಮನೆಯವರ ನಂಬರು, ಇದಕ್ಕೆ ಸ್ಟಿಕ್ಕರ್ ಅಂಗಡಿಯಲ್ಲಿ ತಗಲುವ ಖರ್ಚು ಒಂದು ದಿನದ ಮಾವಾದಷ್ಟೂ ಆಗದು.

ಕೊನೆಗೆ ಟೋಲ್ ನಾಕಾದ ಮಾತು. ಬೈಕಿಗೆ ಅಲ್ಲಿ ಟೋಲ್ ಇಲ್ಲ, ಆದ್ದರಿಂದ ಬೈಕಿನವನು ಅಂಚಿನ ಕಿರುದಾರಿಯಲ್ಲಿ ನಿಲ್ಲದೆ ಹೋಗುತ್ತಾನೆ, ನಾಕಾದ ಲೆಕ್ಕಕ್ಕೂ ಕಣ್ಣಿಗೂ ಬೀಳುವುದಿಲ್ಲ. ಹಣ ಕೊಡುವ ವಾಹನಗಳಿಗೆಂದು ಅಲ್ಲಿ ಬೆಳಕು, ಆಂಬುಲೆನ್ಸ್, ಶೌಚಾಲಯದ ವ್ಯವಸ್ಥೆ ಇರುತ್ತದೆ. ಆ ಕಿರುದಾರಿಯ ಬದಿಗೆ ಒಂದು ತಗಡಿನ ನೆರಳು, ಕುಡಿಯುವ ನೀರಿನ ನಲ್ಲಿ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ, ಅರ್ಧ ತಾಸು ಬೆನ್ನು ಚಾಚಲು ಒಂದು ಕಟ್ಟೆ ಕಟ್ಟುವುದು ಹೆದ್ದಾರಿ ಪ್ರಾಧಿಕಾರಕ್ಕೆ ದೊಡ್ಡ ಕೆಲಸವಲ್ಲ. ಜನವರಿಯನ್ನು ದೇಶವೆಲ್ಲ ರಸ್ತೆ ಸುರಕ್ಷತಾ ತಿಂಗಳಾಗಿ ಆಚರಿಸುತ್ತದೆ, ಲಾರಿ ಚಾಲಕರಿಗೆ ಕಣ್ಣಿನ ತಪಾಸಣೆಯ ಶಿಬಿರಗಳು ನಡೆಯುತ್ತವೆ. ಅದು ಕಬ್ಬಿನ ಹಂಗಾಮಿನ ನಟ್ಟನಡುವಿನ ತಿಂಗಳೂ ಹೌದು, ಸಂಜೆ ಬೇಗ ಕತ್ತಲಾಗಿ ನಸುಕಿನಲ್ಲಿ ಮಂಜು ಕವಿಯುವ ತಿಂಗಳೂ ಹೌದು. ಬರುವ ಜನವರಿಯ ಶಿಬಿರವನ್ನು ನಿಪ್ಪಾಣಿ ಮತ್ತು ಕಾಗಲದ ಆರೋಗ್ಯ ಅಧಿಕಾರಿಗಳು ಕೂಡಿ ಆ ಕಿರುದಾರಿಯ ಬದಿಗೇ ನಡೆಸಲಿ. ಹಗಲಿನಲ್ಲಿ ಬೇಡ, ಕಾರ್ಖಾನೆಯ ಎರಡನೆಯ ಶಿಫ್ಟ್ ಬಿಡುವ ರಾತ್ರಿಯ ಹೊತ್ತಿಗೆ ಮತ್ತು ಹಾಲಿನವರು ಹಾಯುವ ನಸುಕಿನ ಹೊತ್ತಿಗೆ ನಡೆಸಲಿ. ಕಣ್ಣು ಪರೀಕ್ಷಿಸಿ ಅಲ್ಲೇ ಚಷ್ಮಾ ಕೊಡಲಿ, ನಿನ್ನೆ ಎಷ್ಟು ತಾಸು ಮಲಗಿದ್ದೆ ತಮ್ಮಾ ಎಂದು ಪ್ರತಿಯೊಬ್ಬನನ್ನೂ ಕೇಳಿ ಬರೆದುಕೊಳ್ಳಲಿ. ಆ ಬರೆದುಕೊಂಡ ಅಂಕಿಗಳು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಯ ಮೇಜಿಗೆ ಬರಲಿ.